ನೀಲವ್ವನಿಗೊಂದು ದನಿ

ಕನಕಪ್ಪನವರು ಮೊಸರಿನ ಗಡಿಗೆಗೆ ತೋಳು ಬೇಕು ಅಂದರು. ಬರೀ ತೋಳಲ್ಲ, ಪೈಲ್ವಾನನ ತೋಳು. ಗಡಿಗೆಗೆ ಹುರಿ ಮೀಸೆ, ತಲೆಗೆ ಪಟಕಾ. ಕೊನೆಗೆ ಅದು ತೊಡೆ ತಟ್ಟಿ "ಹೆಪ್ಪು ಮೊಸರು, ತಾಕತ್ತಿನ ಮೊಸರು" ಅಂತ ಕೂಗಬೇಕು.

"ಗಡಗಿಗೆ ತೊಡಿ ಎಲ್ಲಿಂದ ತರೂಣ್ರಿ?" ಎಂದು ಸಿದ್ಧಲಿಂಗ ಕೇಳಿದ.

"ಅದನ್ನ ನೀವು ನೋಡ್ರಿ. ಚಿತ್ರಾ ತಗ್ಯಾವ್ರು ನೀವೋ ನಾನೋ?"

ಕನಕಪ್ಪನವರು ತಂಬೂರು ಅನ್ನುವ ಹಳ್ಳಿಯವರು. ಸುತ್ತಲಿನ ಹಳ್ಳಿಗಳಿಂದ ಎಮ್ಮೆಯ ಹಾಲು ಕೂಡಿಸಿ, ಮೊಸರು ಮಾಡಿ, 'ಹೆಪ್ಪು' ಅನ್ನುವ ಹೆಸರಿನಲ್ಲಿ ಹುಬ್ಬಳ್ಳಿಗೂ ಅಳ್ನಾವರಕ್ಕೂ ಕಳಿಸುತ್ತಿದ್ದರು. ಜಾಹೀರಾತು ಮಾಡಿಸಬೇಕೆಂದು ಕಲಘಟಗಿಯಲ್ಲಿ ಬೀಜದ ಅಂಗಡಿಯ ಮೇಲಿದ್ದ ಸಿದ್ಧಲಿಂಗನ ಅನಿಮೇಶನ್ ಸ್ಟುಡಿಯೋದ ಮೆಟ್ಟಿಲು ಹತ್ತಿದ್ದರು. ಸ್ಟುಡಿಯೋ ಅಂದರೆ ಎರಡು ಕೋಣೆ, ಮೂರು ಮಂದಿ. ಪುಣೆಯಲ್ಲಿ ಕೆಲಸ ಮಾಡಿ ಬಂದಿದ್ದ ಸಿದ್ಧಲಿಂಗ ಯಜಮಾನ. ಶಾಕೀರ್ ಧ್ವನಿ, ಎಡಿಟಿಂಗ್ ನೋಡಿಕೊಳ್ಳುತ್ತಿದ್ದ. ಪಾತ್ರಗಳ ಚಿತ್ರ ಬರೆಯುವವಳು ತಹಸೀನ್.

ತಹಸೀನ್ ಇಂಥ ಮಾತುಕತೆಯಲ್ಲಿ ಮೂಲೆಯ ಕುರ್ಚಿ ಹಿಡಿದು ಕೂತುಬಿಡುವವಳು. ಸಣ್ಣಂದಿನಿಂದ ಅವಳಿಗೆ ಉಗ್ಗು. ಎಲ್ಲ ಅಕ್ಷರಕ್ಕೂ ಅಲ್ಲ, ತುಟಿ ಮುಚ್ಚಿ ತೆರೆಯಬೇಕಾದ ಪ, ಬ, ಮ ಬಂದಾಗ ಮಾತು ಒಳಗೇ ಬಾಗಿಲು ಹಾಕಿಕೊಳ್ಳುತ್ತಿತ್ತು. ಆಗ ಎದುರಿಗಿದ್ದವರು ಪಾಪ ಅನ್ನಿಸಿ ಮಾತನ್ನು ತಾವೇ ಮುಗಿಸಿಕೊಡುತ್ತಿದ್ದರು. ಅವರು ಮುಗಿಸಿದ್ದು ತಪ್ಪಿದ್ದರೂ ಅವಳು ಹೂಂ ಅಂದು ಬಿಡುತ್ತಿದ್ದಳು. ತಿದ್ದಬೇಕಾದರೆ ಮತ್ತೆ ಮಾತಾಡಬೇಕಲ್ಲ!

"ಕಾಕಾ, ಪೈಲ್ವಾನ ಗಡಗಿ ಇರ್ಲಿ," ಎಂದ ಸಿದ್ಧಲಿಂಗ. "ಜನಕ್ಕ ಸಾಮಾನು ನೆನಪಿರೂದಿಲ್ರಿ, ಸ್ವಭಾವ ನೆನಪಿರ್ತೈತಿ. ನಾವು ಮಾಡೂ ಪಾತ್ರಕ್ಕ ಏನರ ಒಂದು ಆಸೆ ಇರಬೇಕು, ಒಂದು ಖೋಡಿ, ಐಬು ಇರಬೇಕು. ಅಂದ್ರ ಮಂದಿ ಅದನ್ನ ತಮ್ಮ ಮನಿಯಾಗಿಂದು ಅಂತ ತಿಳಿತಾರ. ಮೊದ್ಲ ಹೇಳ್ರಿ, ನಿಮ್ಮ ಮೊಸರಿನಾಗ ಅಂಥಾದ್ದೇನೈತಿ?"

ಕನಕಪ್ಪನವರಿಗೆ ಸ್ವಲ್ಪ ಸಿಟ್ಟೇ ಬಂತು. "ಏನಿಲ್ರಿಪಾ. ನಾವು ಅವಸರಾ ಮಾಡೂದಿಲ್ಲ. ಹೆಪ್ಪು ಹಾಕಿದ ಮ್ಯಾಲ ಅದು ಆಗೂತನಕಾ ಮುಟ್ಟೂದಿಲ್ಲ, ಅಷ್ಟ."

ಆ ಮಾತನ್ನು ಹಿಡಿದುಕೊಂಡವಳು ತಹಸೀನ್.

ಮರುದಿನ ಬಸ್ಸು ಹತ್ತಿ ತಂಬೂರಿಗೆ ಹೋದಳು. ಕನಕಪ್ಪನವರ ಕೊಟ್ಟಿಗೆಯ ಮುಂದೆ ಕೂತು ಎಮ್ಮೆಗಳನ್ನು ಬರೆದಳು. ಅವು ಏಳುವಾಗ ಮೊದಲು ಹಿಂಗಾಲು, ಆಮೇಲೆ ಮುಂಗಾಲು. ನಡೆದರೆ ಸೊಂಟ ಒಂದು ಕಡೆ, ಬಾಲ ಇನ್ನೊಂದು ಕಡೆ. ಹೀಗೆ ಹುಟ್ಟಿದಳು ನೀಲವ್ವ. ಒಂದು ಕೊಂಬು ಜೋತುಬಿದ್ದಿರುವ, ಅರೆಗಣ್ಣಿನ, ನೀಲಿಗಪ್ಪಿನ ಎಮ್ಮೆ.

ಕಥೆಯೂ ಸರಳ. ಮುಚ್ಚಿದ ಮೊಸರಿನ ಗಡಿಗೆಯ ಸುತ್ತ ಬೆಕ್ಕು, ಆಡು, ಹುಂಜ. "ಮೊಸರು ಆತೇನು?" ಅಂತ ಬೆಕ್ಕು ಕೇಳುತ್ತದೆ. ನೀಲವ್ವ ಬಾಯಿ ತೆರೆಯುತ್ತಾಳೆ. ಅವಳ ಮಾತು ಹೊರಬೀಳುವ ಮೊದಲೇ ಆಡು "ಆತಂತ!" ಅನ್ನುತ್ತದೆ, ಹುಂಜ "ಆಗೂದೇ ಇಲ್ಲಂತ!" ಅನ್ನುತ್ತದೆ. ಎಲ್ಲರೂ ಓಡಾಡಿ, ಒಬ್ಬರ ಮೇಲೊಬ್ಬರು ಬಿದ್ದು ಸುಸ್ತಾದ ಮೇಲೆ, ಮೊಸರು ಇನ್ನೂ ಆಗಿಲ್ಲ, ಮಲಗಿರಿ ಅಂತ ನೀಲವ್ವ ಹೇಳುತ್ತಾಳೆ. ಮಲಗುತ್ತಾರೆ. ಬೆಳಕು ಹರಿಯುತ್ತದೆ. ಆಗ ನೀಲವ್ವ ಹೇಳುತ್ತಾಳೆ: "ಈಗ ಆತು ನೋಡ್ರಿ."

ಮಾತಿಗೆ ಮುಂಚಿನ ಆ ಕ್ಷಣವನ್ನು ತಹಸೀನ್ ಬಹಳ ಜತನದಿಂದ ಬರೆದಳು. ತಲೆ ತುಸು ಮೇಲೆದ್ದು, ಉಸಿರು ಒಳಗೆ ಹೋಗಿ, ರೆಪ್ಪೆ ಇಳಿದು, ದವಡೆ ಸಿಕ್ಕಿಕೊಂಡು, ಗಂಟಲ ಹತ್ತಿರ ಸಣ್ಣ ನಡುಕ. ಯಾವ ಎಮ್ಮೆಯನ್ನು ನೋಡಿಯೂ ಬರೆದದ್ದಲ್ಲ ಅದು. ಅವಳು ಯಾರಿಗೂ ಹೇಳಲಿಲ್ಲ. ಸಿದ್ಧಲಿಂಗನಿಗೆ ಮಾತ್ರ ಗೊತ್ತಾಯಿತು.

ಗೀರು ಚಿತ್ರಗಳನ್ನೇ ಜೋಡಿಸಿ, ಧ್ವನಿ ಇಲ್ಲದ ಕಚ್ಚಾ ಪ್ರತಿಯನ್ನು ಕನಕಪ್ಪನವರಿಗೆ ತೋರಿಸಿದರು. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಉಗ್ಗ ಎಮ್ಮಿ! ಅಗದಿ ಭಾರಿ ಆಗೇತಿ. ಇದಕ್ಕ 'ಮೊ-ಮೊ-ಮೊಸರು' ಅಂತ ಮಾತು ಹಚ್ರಿ. ನೋಡ್ರಿ ಬೇಕಾರ, ಹುಡುಗೂರು ಊರತುಂಬ ಅಂದಾಡ್ತಾವ."

ಶಾಕೀರ್ ಕಂಪ್ಯೂಟರಿನ ಕಡೆ ಮುಖ ತಿರುಗಿಸಿದ. ಸಿದ್ಧಲಿಂಗ ಏನೋ ಹೇಳಲು ಹೊರಟಿದ್ದ, ಅಷ್ಟರಲ್ಲಿ ತಹಸೀನ್ ಎದ್ದು ನಿಂತಿದ್ದಳು.

"ಬ್... ಬ್..." ಯಾರೂ ಮುಗಿಸಿಕೊಡಲಿಲ್ಲ. "ಬ್ಯಾಡ್ರಿ. ಹುಡುಗೂರು ಅಂದಾಡ್ತಾರ ಅಂದ್ರಲ್ಲ, ಖರೇ ಐತ್ರಿ. ನಾ ಸಾಲಿಗೆ ಹೋಗೂವಾಗ ಅಂದಾಡ್ಯಾರ."

ಕನಕಪ್ಪನವರ ನಗು ಮುಖದ ಮೇಲೆಯೇ ನಿಂತುಬಿಟ್ಟಿತು. ಇಷ್ಟು ದಿನ ಅವಳ ಬಾಯಿಂದ ಒಂದು ನಮಸ್ಕಾರ ಬಿಟ್ಟರೆ ಏನನ್ನೂ ಅವರು ಕೇಳಿರಲಿಲ್ಲ. "ನನಗ ಗೊತ್ತಿರಲಿಲ್ಲ ತಂಗಿ," ಅಂದರು. ನೀರು ಕುಡಿದರು. ಆಮೇಲೆ, "ಹಂಗಾರ ಆ ತಡವರಸೂದನ್ನ ಪೂರಾ ತಗದಬಿಡ್ರಿ. ಯಾರಿಗ್ಯಾಕ ನೋವು?" ಅಂದರು.

ಅದೂ ಅವಳಿಗೆ ಬೇಕಾದದ್ದಲ್ಲ. ನಗಬೇಡಿ ಅಂದರೆ ತೆಗೆದೇ ಬಿಡುತ್ತೇವೆ ಅನ್ನುತ್ತಾರೆ. ನಡುವೆ ಏನೋ ಇರಬೇಕು.

"ತಗದ್ರ ಕಥಿನ ಉಳಿಯೂದಿಲ್ರಿ ಕಾಕಾ," ಎಂದ ಸಿದ್ಧಲಿಂಗ. "ಧ್ವನಿ ಕೂಡಿಸಿ ತೋರಸ್ತೀವಿ. ಆಮ್ಯಾಲ ನೀವು ಏನಂತೀರಿ ಹಂಗ."

ಧ್ವನಿ ಕೊಡಲು ಹುಬ್ಬಳ್ಳಿಯಿಂದ ಸಾವಕ್ಕ ಬಂದಳು. ನಾಟಕದಲ್ಲಿ ಪಳಗಿದ ಹೆಣ್ಣುಮಗಳು, ಒಳ್ಳೆಯ ಗಂಟಲು. ಒಳಗಿನ ಕೋಣೆಯ ಗೋಡೆಗೆಲ್ಲ ಹಳೇ ಕೌದಿ ಹೊಡೆದು ಶಾಕೀರ್ ಅದನ್ನು ರೆಕಾರ್ಡಿಂಗ್ ಕೋಣೆ ಮಾಡಿದ್ದ. ಸಾವಕ್ಕ ಎಷ್ಟು ಬಗೆಯಲ್ಲಿ ಹೇಳಿದರೂ ಆ ತಡೆಯುವ ಜಾಗ ಬಂದಾಗ ಒಮ್ಮೆ ಅಳು ಬರುವ ಹಾಗಾಗುತ್ತಿತ್ತು, ಒಮ್ಮೆ ಅಣಕಿಸಿದ ಹಾಗಾಗುತ್ತಿತ್ತು.

"ತಹಸೀನ್, ನೀನ ಒಮ್ಮಿ ಅಂದು ತೋರಸು. ಅಕ್ಕಗ ಅಂದಾಜು ಆಗ್ಲಿ," ಎಂದ ಶಾಕೀರ್. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ.

ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಕೌದಿಯ ವಾಸನೆ, ಎದುರಿಗೆ ಮೈಕು, ಸಣ್ಣ ಪರದೆಯ ಮೇಲೆ ನೀಲವ್ವ. ಹೊಟ್ಟೆಯ ತಳದಿಂದ ಬರುವಂಥ ದಪ್ಪ ದನಿ ತೆಗೆದಳು. ಮೊದಲ ಅಕ್ಷರವೇ 'ಮೊ'. ಸಿಕ್ಕಿಕೊಳ್ಳಲೆಂದೇ ಕಾದಳು.

"ಮೊಸರು ಇನ್ನೂ ಆಗಿಲ್ರಿ. ಬ್ಯಾಸರಾ ಮಾಡ್ಕೋಬ್ಯಾಡ್ರಿ, ಮುಂಜಾನಿತನಕಾ ಮಲಗ್ರಿ."

ನೀರು ಹರಿದ ಹಾಗೆ ಹೋಯಿತು. ತನಗೇ ನಂಬಿಕೆಯಾಗದೆ ಮತ್ತೆ ಅಂದಳು. ಮತ್ತೂ ಹೋಯಿತು. ನೀಲವ್ವನಿಗೆ ಉಗ್ಗೇ ಇರಲಿಲ್ಲ!

ಹೊರಗೆ ಶಾಕೀರ್ ಹೆಡ್‌ಫೋನ್ ತೆಗೆದು, "ಅಲ್ಲಾ, ತಡಿಯೂದು ಎಲ್ಲಿ ಹೋತು?" ಎಂದ. ತಹಸೀನ್ ಬಾಗಿಲಲ್ಲಿ ನಿಂತು ನಗುತ್ತಿದ್ದಳು, ಕಣ್ಣೂ ಒರೆಸಿಕೊಳ್ಳುತ್ತಿದ್ದಳು. ಸಾವಕ್ಕ ತನ್ನ ಚೀಲ ಹೆಗಲಿಗೇರಿಸಿ, "ಯವ್ವಾ, ಇದು ನಿಂದ ದನಿ. ನನಗ್ಯಾಕ ಕರಿಸಿದ್ರಿ?" ಎಂದು ಅವಳ ಕೆನ್ನೆ ತಟ್ಟಿ ಹೋದಳು.

ಹೊಸ ತೊಡಕು ಶುರುವಾದದ್ದು ಆಮೇಲೆ. ಆ ಸಲೀಸಾದ ದನಿಗೆ ನಡುಗುವ ಗಂಟಲು ಹೊಂದಲಿಲ್ಲ. ಸುಳ್ಳು ಅನ್ನಿಸಿತು. ತಹಸೀನ್ ತನ್ನ ಚಿತ್ರಗಳ ಮುಂದೆ ತಾಸುಗಟ್ಟಲೆ ಕೂತಳು. ಸಂಕಟ ತನ್ನದು. ಅದನ್ನು ತಂದು ಈ ಪಾಪದ ಎಮ್ಮೆಯ ಕೊರಳಿಗೆ ಕಟ್ಟಿದ್ದಳು. ತಂಬೂರಿನ ಕೊಟ್ಟಿಗೆಯಲ್ಲಿ ಅವು ಏನು ಮಾಡುತ್ತಿದ್ದವು? ಮೆಲುಕು ಹಾಕುತ್ತಿದ್ದವು. ಎದುರಿಗೆ ಯಾರು ಕೂತರೂ, ಕರೆದರೂ, ಬಾಯೊಳಗಿನದು ಮುಗಿಯುವ ತನಕ ಮೆಲುಕು ಹಾಕುತ್ತಿದ್ದವು.

ನಡುಕವನ್ನು ಅಳಿಸಿದಳು. ಅದರ ಜಾಗದಲ್ಲಿ ದವಡೆ ಎಡದಿಂದ ಬಲಕ್ಕೆ ಸಾವಕಾಶ ತಿರುಗಿತು. ಬೆಕ್ಕು ಕೇಳಿದಾಗ ನೀಲವ್ವ ಅದರ ಕಡೆ ನೋಡುತ್ತಾಳೆ, ಅಗಿಯುತ್ತಾಳೆ, ನುಂಗುತ್ತಾಳೆ. ಆಡು, ಹುಂಜ ತಮ್ಮ ಗದ್ದಲ ಮುಗಿಸುವಷ್ಟು ಹೊತ್ತು. ತಡೆ ಮೊದಲಿಗಿಂತ ಉದ್ದವೇ ಆಯಿತು. ಆದರೆ ಈಗ ಅದು ನೀಲವ್ವನದೇ ಹೊತ್ತು, ಯಾರೂ ಕಸಿದುಕೊಳ್ಳಲಾಗದ್ದು.

"ನನ್ನ ಉಗ್ಗನ್ನ ನಾ ಮುಚ್ಚಿಟ್ಟಂಗಾತೇನು?" ಎಂದು ಸಿದ್ಧಲಿಂಗನನ್ನು ಕೇಳಿದಳು.

ಅವನು ಚಿತ್ರವನ್ನು ಮತ್ತೊಮ್ಮೆ ಓಡಿಸಿ ನೋಡಿದ. "ನನಗ ಗೊತ್ತಾಗವಲ್ದು. ಅದನ್ನ ನೀನ ಹೇಳಬೇಕು."

 ಅವಳಿಗೆ ಒಂದು ದಿನ ಹೌದು ಅನ್ನಿಸಿತು, ಇನ್ನೊಂದು ದಿನ ಇಲ್ಲ.

ಕನಕಪ್ಪನವರು ಈ ಸಲ ಜೋರಾಗಿ ನಗಲಿಲ್ಲ. ಮತ್ತೊಮ್ಮೆ ಹಚ್ಚಿರಿ ಅಂದರು. "ಇದು ನಮ್ಮ ಕೊಟ್ಟಿಗ್ಯಾಗಿನ ಮುದಿ ಎಮ್ಮಿನ. ಅಗದಿ ಹಿಂಗ ಮಾಡ್ತೈತಿ," ಅಂದರು. ಒಪ್ಪಿದರು. ಆದರೂ ಹಟ ಬಿಡಲಿಲ್ಲ, ಕೊನೆಯ ಗಳಿಗೆಯಲ್ಲಿ ಗಡಿಗೆಗೆ ಮೀಸೆ ಬಂದೇ ಬಂತು.

ಜಾಹೀರಾತು ಹುಬ್ಬಳ್ಳಿಯ ಸಿನಿಮಾ ಮಂದಿರಗಳಲ್ಲಿ ಬಂತು, ಆಮೇಲೆ ಫೋನಿನಿಂದ ಫೋನಿಗೆ ಹಾರಿತು. ಕಿರಾಣಿ ಅಂಗಡಿಗಳಲ್ಲಿ ಜನ "ನೀಲವ್ವನ ಮೊಸರು ಕೊಡ್ರಿ" ಅನ್ನತೊಡಗಿದರು. ಕನಕಪ್ಪನವರು ಇನ್ನಷ್ಟು ಕಥೆ ಬೇಕೆಂದು ಬಂದರು.

ಗಂಡನ ಮನೆಯಲ್ಲಿದ್ದ ತಹಸೀನ್‌ಳ ಅಕ್ಕ ಅತಿಯಾ ಅದನ್ನು ಅಮ್ಮನಿಗೂ ಕಳಿಸಿದ್ದಳು. ಒಂದು ಸಂಜೆ ತಹಸೀನ್ ಮನೆಗೆ ಬಂದಾಗ ಅಮ್ಮ ರಜಿಯಾಬೇಗಂ ಫೋನನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಆ ಮನೆಯಲ್ಲಿ ಉರ್ದು, ಕನ್ನಡ ಎರಡೂ ಬೆರೆತ ಮಾತು.

"ಇದು ಯಾರ ಆವಾಜು?"

"ನಂದ, ಅಮ್ಮೀ."

ರಜಿಯಾಬೇಗಂ ಮತ್ತೊಮ್ಮೆ ಹಚ್ಚಿ ಕೇಳಿದಳು. ಹಿಗ್ಗುತ್ತಾಳೆ ಅಂದುಕೊಂಡಿದ್ದಳು ತಹಸೀನ್, ಅಮ್ಮನ ಮುಖ ಬಾಡಿತು.

"ಯಂತ್ರದ ಮುಂದ ಇಷ್ಟು ಚಂದ ಮಾತಾಡ್ತಿ. ನನ್ನ ಮುಂದ ಯಾಕ ಬರೂದಿಲ್ಲ? ಎಷ್ಟು ದರ್ಗಾ ತಿರಿಗೀನಿ, ಎಷ್ಟು ಜೇನತುಪ್ಪ ನೆಕ್ಕಸೀನಿ. ನಾ ಏನು ಕಡಿಮಿ ಮಾಡೀನಿ?"

ತಹಸೀನ್ ಉತ್ತರ ಕೊಡಲು ಬಾಯಿ ತೆರೆದಳು. ಅಮ್ಮನ ಕಣ್ಣು ಎಂದಿನ ಹಾಗೆ ಅವಳ ತುಟಿಗೆ ಅಂಟಿಕೊಂಡಿತು. ಅಮ್ಮನ ತುಟಿಯೂ ಅಲುಗಿತು, ಮಗಳ ಮಾತನ್ನು ಒಳಗಿಂದ ಎಳೆದು ತೆಗೆಯುವ ಹಾಗೆ.

"ನೀ ನನ್ನ ಬ್... ಬಾಯಿ ನೋಡ್ತಿ, ಅಮ್ಮೀ. ಅಲ್ಲಿ ಯಾರೂ ನೋಡೂದಿಲ್ಲ."

ರಜಿಯಾಬೇಗಂ ಎದ್ದು ಒಳಗೆ ಹೋದಳು. ಹೇಳಬಾರದಿತ್ತು ಅನ್ನಿಸಿತು ತಹಸೀನ್‌ಗೆ. ಒಳಗೆ ಹಿಟ್ಟು ನಾದುವ ಸದ್ದು, ಆಮೇಲೆ ರೊಟ್ಟಿ ಬಡಿಯುವ ಸದ್ದು ಕೇಳಿತು. ಆಮೇಲೆ ಅಮ್ಮನ ದನಿ: "ಇಲ್ಲಿ ಬಾ. ಹೊಸ್ತಿಲದಾಗ ಕೂಡು. ಅಲ್ಲಿ ಏನೇನಾತು, ಎಲ್ಲಾ ಹೇಳು. ನಾ ರೊಟ್ಟಿ ನೋಡ್ಕೋತ ಕೇಳ್ತೀನಿ."

ಅಮ್ಮ ಒಲೆಯ ಕಡೆ ಮುಖ ಮಾಡಿದ್ದಳು. ಕಾಣುತ್ತಿದ್ದದ್ದು ಬೆನ್ನು ಮತ್ತು ಸೆರಗು. ತಹಸೀನ್ ಹೊಸ್ತಿಲ ಮೇಲೆ ಕೂತು ಮೊದಲಿನಿಂದ ಹೇಳತೊಡಗಿದಳು. ಸಾವಕ್ಕನ ತನಕ ಸರಿಯಾಗಿಯೇ ಬಂದಳು. ಆಮೇಲೆ ಒಂದು ಮಾತಿಗೆ ಸಿಕ್ಕಿಕೊಂಡಳು, ಗಟ್ಟಿಯಾಗಿಯೇ. ರೊಟ್ಟಿ ಬಡಿಯುತ್ತಿದ್ದ ಕೈ ನಿಂತಿತು. ಅಮ್ಮನ ಹೆಗಲು ತಿರುಗಲು ಹೊರಟು, ತಿರುಗದೆ ನಿಂತಿತು. ಹೆಂಚಿನ ಮೇಲಿನ ರೊಟ್ಟಿಯ ಅಂಚು ಕಪ್ಪಾಗಿ ಸೀದ ವಾಸನೆ ಬಂತು. ಅದನ್ನೂ ಅವಳು ಮುಟ್ಟಲಿಲ್ಲ.

ಮಗಳ ಮಾತು ಬಂತು. ರಜಿಯಾಬೇಗಂ ಸೀದ ರೊಟ್ಟಿಯನ್ನು ತೆಗೆದು ಬದಿಗಿಟ್ಟು, ಹೊಸ ಉಂಡೆಗೆ ಹಿಟ್ಟು ಮುರಿದುಕೊಂಡಳು.