ಚಾಪೆಯಡಿಯ ಅಜ್ಜಿ

ನನ್ನ ಸೋದರಮಾವ ಫಲನಿಕೊ ಇಡೀ ಸವಾಯಿ ದ್ವೀಪವನ್ನು ಒಂದು ಗಂಟಲಿನಲ್ಲಿ ಇಟ್ಟುಕೊಂಡಿದ್ದ. ಪಾದ್ರಿಯ ಕೆಮ್ಮು, ಸಲೆಲೊಲೊಂಗ ಬಂದರಿಗೆ ಬರುವ ಹಡಗಿನ ಕೂಗು, ಸಕ್ಕರೆ ಕೇಳಲು ಬಂದ ಪಕ್ಕದ ಮನೆಯವಳು ಸಕ್ಕರೆಗೆ ಬರುವ ಮುಂಚೆ ಹಾಕುವ ಪೀಠಿಕೆ, ಎಲ್ಲವೂ ಅದರೊಳಗಿದ್ದವು. ನನಗೆ ಆ ವಿದ್ಯೆ ಬಂದದ್ದು ಅವನಿಂದಲೇ. ಕಡಲಾಚೆ ಸುವಾದ ಕಾಲೇಜಿಗೆ ಹೋಗಿ ನಾನು ಪದವಿಯನ್ನೂ ತಂದಿದ್ದೇನೆ. ಊರಿನವರು ಅದನ್ನು ಒಮ್ಮೆಯೂ ಕೇಳಿ ನೋಡಿಲ್ಲ. "ಲೊಪತಿ, ಎಲ್ಲಿ, ನಿಮ್ ಮಾಮನ ದನಿ ತೆಗಿ" ಎಂದೇ ಕೇಳುತ್ತಾರೆ.

ಮಾಮ ಈಗಿಲ್ಲ. ಅವನ ಜೊತೆ ನಾಟಕ ಆಡುತ್ತಿದ್ದ ಸೊಲೊಮೊನಾ ಕೂಡ ಇಲ್ಲ. ನಾನು ಇಬ್ಬರ ದನಿಯನ್ನೂ ತೆಗೆಯುತ್ತೇನೆ. ಮುದುಕರು ಮೊದಲು ನಗುತ್ತಾರೆ, ಆಮೇಲೆ ಮುಖಕ್ಕೆ ಬೀಸಣಿಗೆ ಅಡ್ಡ ಹಿಡಿದುಕೊಳ್ಳುತ್ತಾರೆ.

ನಾನು ಚಿಕ್ಕವನಿದ್ದಾಗ ಜೂನ್ ತಿಂಗಳ ಸ್ವಾತಂತ್ರ್ಯದ ಹಬ್ಬಕ್ಕೆ ನಮ್ಮೂರು ಫಂಗಲೆಲೆಯ ನಡುಬಯಲಿನಲ್ಲಿ ಸಂಜೆ ಪೆಟ್ರೊಮ್ಯಾಕ್ಸ್ ಹಚ್ಚುತ್ತಿದ್ದರು. ಹಾಡು ಕುಣಿತಗಳೆಲ್ಲ ಮುಗಿದ ಮೇಲೆ 'ದೆವ್ವದ ಮನೆ'. ನಮ್ಮ ನಗೆನಾಟಕಕ್ಕೆ ಹಿಂದಿನಿಂದಲೂ ಅದೇ ಹೆಸರು. ಆಡುವವನ ಮೈಮೇಲೆ ದೆವ್ವ ಬಂದಿರುತ್ತದೆ. ಮಾತು ಅವನದಲ್ಲ, ದೆವ್ವದ್ದು. ಆದ್ದರಿಂದ ಅವನು ಮುಖಂಡರನ್ನು, ಪಾದ್ರಿಯನ್ನು, ಸರ್ಕಾರವನ್ನು ಏನು ಬೇಕಾದರೂ ಅನ್ನಬಹುದು. ಅನ್ನಿಸಿಕೊಂಡವರು ನಗಬೇಕು. ಸಿಟ್ಟು ಮಾಡಿಕೊಂಡರೆ ಮರ್ಯಾದೆ ಹೋಗುವುದು ಸಿಟ್ಟಾದವರದೇ.

ಮಾಮ, ಸೊಲೊಮೊನಾ ಜೋಡಿಯ 'ಹಂದಿ ಅಜ್ಜಿ' ನೋಡಲು ದ್ವೀಪದ ಆಚೆ ತುದಿಯಿಂದ ಜನ ಬರುತ್ತಿದ್ದರು. ನ್ಯೂಜಿಲೆಂಡಿನವರು ನಮ್ಮನ್ನು ಆಳುತ್ತಿದ್ದ ಕಾಲದ ಕಥೆ ಅದು. ಹಂದಿಗಳನ್ನು ಊರೊಳಗೆ ಬಿಡಬಾರದೆಂದು ಬಿಳಿ ಸಾಹೇಬ ತಪಾಸಣೆಗೆ ಬರುತ್ತಾನೆ. ಸೊಲೊಮೊನಾ ಸಾಹೇಬ: ಮೂಗಿಗೆ ಸುಣ್ಣ, ತಲೆಗೆ ಅಡುಗೆ ಪಾತ್ರೆ. ಮಾಮ ಹಂದಿ. ಮನೆಯವರು ಹಂದಿಯನ್ನು ಚಾಪೆಯಡಿ ಬಚ್ಚಿಟ್ಟು ಪರಾರಿ. ಪಾಪದ ಹಂದಿ ತಾನೇ ಅಜ್ಜಿಯಾಗಿ ಜೀವ ಉಳಿಸಿಕೊಳ್ಳಬೇಕು.

"ಚಾಪೆ ಕೆಳ್ಗೆ ಯಾರು?" ಸೊಲೊಮೊನಾ ಮೂಗಿನಲ್ಲೇ ಕೇಳುವನು.

"ನಾನು ಕಣಪ್ಪಾ, ಅಜ್ಜಿ."

"ಅಜ್ಜಿ ಯಾಕೆ ಗುರ್ ಗುರ್ ಅಂತಾಳೆ?"

"ಪ್ರಾರ್ಥನೆ ಮಾಡ್ತಿದೀನಿ ದೊರೆ. ನಮ್ದು ಬೇರೆ ಚರ್ಚು."

ಇಲ್ಲಿ ಪ್ರತಿ ಚರ್ಚಿನವರೂ ಪಕ್ಕದ ಚರ್ಚಿನವರನ್ನು ತೋರಿಸಿ ಹೊಟ್ಟೆ ಹಿಡಿದುಕೊಳ್ಳುವರು.

"ಎಲ್ಲಿ, ಕೈ ತೋರ್ಸು."

ಚಾಪೆಯಂಚಿನಿಂದ ಎರಡು ಬೆರಳು ಹೊರಬರುವವು. "ದುಡ್ದೂ ದುಡ್ದೂ ಉಳ್ದಿದ್ದೆಲ್ಲಾ ಸವ್ದೋಯ್ತು ದೊರೆ."

"ಈ ಬಾಲ?"

"ನೀವು ಬರೋ ಮುಂಚೆ ಇರ್ಲಿಲ್ಲ. ನಿಮ್ಮನ್ನ ನೋಡಿ ಹೆದರ್ಕೊಂಡು ಬೆಳೀತು."

ಕೊನೆಗೆ ಸಾಹೇಬ ಚಾಪೆ ಎತ್ತಬೇಕು; ಹಂದಿ ಅವನ ಕೊರಳಿಗೆ ಜೋತುಬಿದ್ದು "ಮೊಮ್ಮಗನೇ!" ಎಂದು ಲೊಚಲೊಚನೆ ಮುದ್ದಿಡಬೇಕು. ಆಗ ಬೀಳುತ್ತಿದ್ದ ನಗೆಗೆ ಗಾಬರಿಯಾಗಿ ಮರದ ಮೇಲಿನ ಬಾವಲಿಗಳು ಹಾರುತ್ತಿದ್ದವು. ನಾನು ನಕ್ಕು ನಕ್ಕು ಅಮ್ಮನ ಮಡಿಲಿನಲ್ಲೇ ನಿದ್ದೆಹೋಗುತ್ತಿದ್ದೆ. ಅಮ್ಮನ ಕೊಬ್ಬರಿ ಎಣ್ಣೆಯ ವಾಸನೆ, ಸೀಮೆಎಣ್ಣೆಯ ವಾಸನೆ, ಸೊಪ್ಪಿನಲ್ಲಿ ತೆಂಗಿನಹಾಲು ಕಟ್ಟಿ ಬೇಯಿಸಿದ ಪೊಟ್ಟಣದ ವಾಸನೆ. ಅವು ಮೂರೂ ಒಟ್ಟಿಗೆ ಎಲ್ಲಾದರೂ ಸಿಕ್ಕಿದರೆ ನನಗೆ ಈಗಲೂ ನಗು ಬರುತ್ತದೆ, ಜೊತೆಗೆ ನಿದ್ದೆಯೂ.

ಆಟ ಕೆಟ್ಟದ್ದು ಸೊಲೊಮೊನಾನಿಗೆ ಪಟ್ಟ ಬಂದಾಗ. ಅವನ ದೊಡ್ಡಪ್ಪ ತೀರಿಕೊಂಡು ಮನೆತನದ 'ತೂಲಿಮಾ' ಎಂಬ ಬಿರುದು ಇವನ ತಲೆಗೆ ಬಂತು. ಊರ ಪರವಾಗಿ ಮಾತಾಡುವ ಮುಖಂಡ ಅವನೀಗ. ಕೈಯಲ್ಲಿ ಉದ್ದನೆಯ ಕೋಲು, ಹೆಗಲ ಮೇಲೆ ನಾರಿನ ಚಾಮರ. ಅವನನ್ನು ಸೊಲೊಮೊನಾ ಎಂದು ಕರೆಯುವಂತಿಲ್ಲ, ತೂಲಿಮಾ ಎನ್ನಬೇಕು. ಅವನು ಮೂಗಿಗೆ ಸುಣ್ಣ ಬಳಿಯುವಂತಿಲ್ಲ.

ಮುಂದಿನ ಜೂನಿನಲ್ಲಿ ಮಾಮ ಒಬ್ಬನೇ ರಂಗಕ್ಕೆ ಬಂದ. ಕೋಲಿನ ಬದಲು ದೋಣಿಯ ಹುಟ್ಟು, ಚಾಮರದ ಬದಲು ಪೊರಕೆ. ತೂಲಿಮಾ ಪಟ್ಟದ ದಿನ ಮಾಡಿದ ಭಾಷಣವನ್ನು ಮಾಮ ಇದ್ದ ಹಾಗೇ ಒಪ್ಪಿಸಿದ. ಅಂದು ತೂಲಿಮಾ ವಂಶಾವಳಿ ಹೇಳುತ್ತಾ ಸ್ವಂತ ತಾತನ ಹೆಸರನ್ನೇ ಮರೆತು ಗಂಟಲು ಸರಿಮಾಡಿಕೊಂಡಿದ್ದರು. ಗೌರವಕ್ಕಾಗಿ ಇಡೀ ಊರು ಅದನ್ನು ಕೇಳಿಸಿಕೊಂಡಿರಲಿಲ್ಲ. ಮಾಮ ಅದನ್ನು ಮತ್ತೆ ಮತ್ತೆ ಕೇಳಿಸಿದ. ಜನ ಹುಲ್ಲಿನ ಮೇಲೆ ಬಿದ್ದು ಹೊರಳಾಡಿದರು. ಎಲ್ಲರಿಗಿಂತ ಜೋರಾಗಿ ನಕ್ಕವರು ತೂಲಿಮಾ. ಮರುದಿನದಿಂದ ಅವರು ಮಾಮನೊಡನೆ ಮಾತಾಡಲಿಲ್ಲ.

"ಮಾಮ, ಅವ್ರಿಗೆ ಸಿಟ್ಟು ಬಂತಾ?" ಎಂದು ನಾನು ಒಮ್ಮೆ ಕೇಳಿದ್ದೆ.

"ಬರೋ ಹಾಗಿಲ್ವಲ್ಲೋ. ಆಡಿದ್ದು ದೆವ್ವ."

"ಮತ್ತೆ ಯಾಕೆ ಮಾತಾಡಲ್ಲ?"

"ಸಿಟ್ಟಾಗಿದ್ರೆ ಹೋಗಿ ಕ್ಷಮಿಸಪ್ಪ ಅಂತಿದ್ದೆ. ಇವ್ನು ಸಿಟ್ಟೇ ಇಲ್ಲ ಅಂತಾನೆ. ಇಲ್ದಿರೋದಕ್ಕೆ ಏನಂತ ಕ್ಷಮೆ ಕೇಳ್ಲಿ?"

ಮೂವತ್ತು ವರ್ಷ ಹಾಗೇ ಹೋಯಿತು. ಮಾಮನ ಮನೆಯೂ ತೂಲಿಮಾರ ಮನೆಯೂ ಹಲಸಿನ ಜಾತಿಯ ಒಂದೇ ದೀವಿ ಮರದ ನೆರಳಿನಲ್ಲಿದ್ದವು. ಕಾಯಿ ಮಾತ್ರ ಎರಡೂ ಕಡೆ ಭೇದವಿಲ್ಲದೆ ಬೀಳುತ್ತಿತ್ತು. 'ಹಂದಿ ಅಜ್ಜಿ'ಯನ್ನು ಮಾಮ ಮತ್ತೆ ಆಡಲಿಲ್ಲ. ಮೊದಲಿನಂತೆ ಬಸ್ಸು ಓಡಿಸಿಕೊಂಡಿದ್ದ, ಮರದ ಮೈಯ ಹಳೇ ಬಸ್ಸು. ಅದರ ಹಾರ್ನ್ ಕೆಟ್ಟು ಹೋಗಿ ಎಷ್ಟೋ ಕಾಲವಾಗಿತ್ತು. ಮಾಮ ಬಾಯಲ್ಲೇ ಬಾರಿಸುತ್ತಿದ್ದುದರಿಂದ ಯಾರಿಗೂ ಗೊತ್ತಾಗಿರಲಿಲ್ಲ.

ಆಮೇಲೆ ಬಂತು ಎರಡು ಸಾವಿರದ ಒಂಬತ್ತರ ಸೆಪ್ಟೆಂಬರ್. ಜರ್ಮನರು ಆಳಿದ ಕಾಲದಿಂದ ರಸ್ತೆಯ ಬಲಕ್ಕೆ ಓಡುತ್ತಿದ್ದ ದೇಶವನ್ನು ಸರ್ಕಾರ ಬಲವಂತವಾಗಿ ಎಡಕ್ಕೆ ತಿರುಗಿಸಿತು. ಎಡಕ್ಕೇ ಗಾಡಿ ಓಡಿಸುವ ನ್ಯೂಜಿಲೆಂಡಿನಲ್ಲಿರುವ ನೆಂಟರು ತಮ್ಮ ಹಳೇ ಕಾರುಗಳನ್ನು ನಮಗೆ ದಾನ ಮಾಡಲಿ ಎಂದು. ಆ ಸೋಮವಾರ ಬೆಳಿಗ್ಗೆ ರೇಡಿಯೊ ಹೇಳಿದ ಹೊತ್ತಿಗೆ ಎಲ್ಲ ಗಾಡಿಗಳೂ ನಿಂತು, ದೇವರನ್ನು ನೆನೆದು, ಎಡಕ್ಕೆ ಸರಿದವು. ಮಾಮ ಬಂದರಿನಿಂದ ಬಸ್ಸು ತುಂಬಾ ಜನರನ್ನು ಹೇರಿಕೊಂಡು ಹೊರಟ. ಅರ್ಧ ಜನಕ್ಕೆ ಎಲ್ಲಿಗೂ ಹೋಗಬೇಕಿರಲಿಲ್ಲ, ತಮಾಷೆ ನೋಡಬೇಕಿತ್ತು. ತಿರುವು ಬಂದಾಗಲೆಲ್ಲ ಬಸ್ಸಿಗೆ ಬಸ್ಸೇ "ಎಡಕ್ಕೆ, ಫಲನಿಕೊ, ಎಡಕ್ಕೆ!" ಎಂದು ರಾಗವಾಗಿ ಹಾಡುತ್ತಿತ್ತಂತೆ.

ಅಷ್ಟು ದೂರ ಎಡದಲ್ಲೇ ಬಂದವನು ಮನೆಯ ಮುಂದೆ ಎಡವಿದ. ನಮ್ಮ ದೀವಿ ಮರ ಕಂಡದ್ದೇ, ನಲವತ್ತು ವರ್ಷ ಅದರ ಬುಡಕ್ಕೆ ಬಸ್ಸು ಒತ್ತಿ ನಿಲ್ಲಿಸಿದ ಕೈ ತಾನಾಗಿಯೇ ಬಲಕ್ಕೆ ತಿರುಗಿತು. ಬಲಕ್ಕೆ ಹೋದರೂ ಅದಕ್ಕೆ ಎಡವಟ್ಟು ಎಂದೇ ಹೆಸರು. ಮರದ ಬುಡದಲ್ಲಿ ತೂಲಿಮಾ ನಿಂತಿದ್ದರು. "ಇನ್ಮೇಲೆ ಬಸ್ಸು ಆ ಕಡೆ ನಿಲ್ಲತ್ತೆ, ಎಲ್ರೂ ಆ ಕಡೆ ಹೋಗಿ" ಎಂದು ಜನರಿಗೆ ಕೋಲೆತ್ತಿ ತೋರಿಸುತ್ತಿದ್ದರು. ಬಸ್ಸು ಬಡಿದು ಅವರ ಕೋಲು ಮುರಿಯಿತು, ತೊಡೆಯ ಮೂಳೆಯೂ ಮುರಿಯಿತು.

ಪೊಲೀಸರು ಬಂದು ಬರೆದುಕೊಂಡು ಹೋದರು. ಅದು ಸರ್ಕಾರದ್ದಾಯಿತು. ಊರಿನ ನ್ಯಾಯ ಬಾಕಿ ಇತ್ತು. ತೂಲಿಮಾರ ಗಂಡುಮಕ್ಕಳು ಬಯಲಿನಲ್ಲಿ ನಿಂತು ಕೂಗಿದರು: "ದಾರಿಯುದ್ದಕ್ಕೂ ಎಡದಲ್ಲಿ ಬಂದೋನು ನಮ್ಮಪ್ಪನ್ನ ಕಂಡ ಕೂಡ್ಲೆ ಬಲಕ್ಕೆ ಬಂದ್ನಾ? ಮೂವತ್ತು ವರ್ಷದ ಹಗೆ ಇಟ್ಕೊಂಡಿದ್ದ ಅವ್ನು!" ಬೇಕೆಂದೇ ಗುದ್ದಿದ್ದಾನೆಂಬ ಮಾತು ಒಂದು ಒಲೆಯಿಂದ ಇನ್ನೊಂದು ಒಲೆಗೆ ಹರಡಿತು. ತೂಲಿಮಾ ಕ್ಷಮಿಸದಿದ್ದರೆ ಮುಖಂಡರ ಸಭೆ ಮಾಮನ ಮನೆಯವರನ್ನೆಲ್ಲ ಊರಿನಿಂದ ಹೊರಹಾಕುವುದು ಖಂಡಿತವಿತ್ತು. ಮೂವತ್ತು ವರ್ಷ ಸಿಟ್ಟಾಗಲು ಅಪ್ಪಣೆಯಿಲ್ಲದೆ ಕೂತಿದ್ದ ತೂಲಿಮಾರಿಗೆ ಈಗ ಅಪ್ಪಣೆ ಸಿಕ್ಕಿತ್ತು. ಪಕ್ಕದ ದ್ವೀಪದ ಅಪಿಯಾದಲ್ಲಿ ಪಾಠ ಹೇಳುತ್ತಿದ್ದ ನಾನು ಶಾಲೆಗೆ ರಜೆ ಹಾಕಿ ಹಡಗು ಹತ್ತಿದೆ.

ಇಂಥದ್ದಕ್ಕೆ ನಮ್ಮಲ್ಲಿರುವ ದಾರಿ ಒಂದೇ, ಇಫೋಂಗ. ತಪ್ಪು ಮಾಡಿದವನು ಮನೆಯ ಅತ್ಯಂತ ಬೆಲೆಬಾಳುವ ಚಾಪೆಯನ್ನು ತಲೆಯ ಮೇಲೆ ಹೊದ್ದು, ನೊಂದವರ ಮನೆಯ ಮುಂದೆ ಬಗ್ಗಿ ಕೂರಬೇಕು. ಪಕ್ಕದಲ್ಲಿ ಸೌದೆ, ಒಲೆಯ ಕಲ್ಲು, ಬಾಳೆಲೆ: ಬೇಕಿದ್ದರೆ ಹಂದಿಯ ಹಾಗೆ ನಮ್ಮನ್ನು ಸುಟ್ಟು ತಿನ್ನಿ ಎಂದು ಅರ್ಥ. ಮಾತಾಡಕೂಡದು, ಅಲುಗಾಡಕೂಡದು. ಆ ಮನೆಯ ಯಜಮಾನ ಬಂದು ಸ್ವಂತ ಕೈಯಿಂದ ಚಾಪೆ ಎತ್ತಿದರೆ ಕ್ಷಮೆ. ಎತ್ತದಿದ್ದರೆ ಇಲ್ಲ.

ತೂಲಿಮಾ ಆಸ್ಪತ್ರೆಯಿಂದ ಬಂದ ಮಾರನೇ ದಿನ ಬೆಳಕು ಹರಿಯುವ ಮುಂಚೆ ನಾವು ಹೊರಟೆವು. ಅತ್ತೆ ಸಿಯೆನಿ ಮಾಮನ ತಲೆಯ ಮೇಲೆ ಚಾಪೆ ಹರಡಿದಳು. ನಮ್ಮ ಮುತ್ತಜ್ಜಿ ಹೆಣೆದದ್ದು, ರೇಷ್ಮೆಯಷ್ಟು ನಯ, ಅಂಚಿಗೆ ಕೆಂಪು ಗರಿ.

"ಬಾಯಿ ಮುಚ್ಕೊಂಡ್ ಕೂತ್ಕೊ" ಎಂದಳು ಅತ್ತೆ. "ಜೀವಮಾನದಲ್ಲಿ ಒಂದ್ಸಲ."

"ಕೆಮ್ಮು ಬಂದ್ರೆ?"

"ನುಂಗು. ಪಾದ್ರಿ ಥರ ಅಂತೂ ಕೆಮ್ಬೇಡ."

ನಾವು ಏಳೆಂಟು ಮಂದಿ ಅವನ ಹಿಂದೆ ತಲೆ ತಗ್ಗಿಸಿ ಕೂತೆವು. ಗೋಡೆಯಿಲ್ಲದ ಮನೆ, ಕಂಬಗಳ ನಡುವೆ ತೂಲಿಮಾ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಸಮುದ್ರದ ಕಡೆ ಮುಖ ಮಾಡಿ ಕೂತಿದ್ದರು. ಮಕ್ಕಳು ಕತ್ತಿ ಹಿಡಿದು ಕಂಬಕ್ಕೊಬ್ಬರಂತೆ ನಿಂತಿದ್ದರು. ಸೂರ್ಯ ಬಂದ, ಏರಿದ. ಮನೆಯೊಳಗೆ ಕೋಕೊ ಕಾಯಿಸಿ ಕುಡಿದರು, ಪಾತ್ರೆ ತೊಳೆದರು. ಬಯಲಿನ ಸುತ್ತಲ ಮನೆಗಳಲ್ಲಿ ಜನ ನಮ್ಮ ಕಡೆ ನೋಡದ ಹಾಗೆ ನೋಡುತ್ತಿದ್ದರು. ಚಾಪೆ ಅಲುಗಲಿಲ್ಲ. ಅರವತ್ತೆಂಟರ ಮುದುಕ ಅದರಡಿಯಲ್ಲಿ ಬೇಯುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಅತ್ತೆ ಸದ್ದಿಲ್ಲದೆ ಅಳತೊಡಗಿದಳು.

ನೆರಳು ಉದ್ದವಾಗುವ ಹೊತ್ತಿಗೆ ತೂಲಿಮಾ ಎದ್ದರು. ಒಂದು ಕಂಕುಳಲ್ಲಿ ಊರುಗೋಲು, ಇನ್ನೊಂದು ಕೈಯಲ್ಲಿ ಹಗ್ಗ ಸುತ್ತಿ ಜೋಡಿಸಿದ ಮುಖಂಡನ ಕೋಲು. ಮೆಟ್ಟಿಲಿಳಿದು ನಮ್ಮ ಮುಂದೆ ನಿಂತರು. ಚಾಮರವನ್ನು ಹೆಗಲ ಮೇಲೆ ಎಸೆದುಕೊಂಡು ಶುರುಮಾಡಿದರು: ಊರಿನ ಬಿರುದುಗಳು, ಮನೆತನಗಳು, ಹಿರಿಯರು. ತುಂಬು ಗಂಟಲು, ಶುದ್ಧ ಭಾಷೆ. ತಾತನ ಹೆಸರಿಗೆ ಬಂದರು.

ನಿಂತರು. ಗಂಟಲು ಸರಿಮಾಡಿಕೊಂಡರು.

ನಾನು ತಲೆ ಎತ್ತಬಾರದಿತ್ತು, ಎತ್ತಿದೆ. ಅವರು ಎದುರಿಗಿದ್ದುದನ್ನು ನೋಡುತ್ತಿದ್ದರು: ಸೌದೆ, ಕಲ್ಲು, ಬಾಳೆಲೆ, ಚಾಪೆ, ಚಾಪೆಯಡಿಯಲ್ಲಿ ಒಂದು ದುಂಡನೆಯ ಬೆನ್ನು. ಅವರ ಮೂಗಿನ ಹೊಳ್ಳೆ ಅದುರಿತು. ಮೂವತ್ತು ವರ್ಷ ಕೇಳದ ದನಿಯೊಂದು ಆ ಮೂಗಿನಿಂದ ಹೊರಬಂತು.

"ಚಾಪೆ ಕೆಳ್ಗೆ ಯಾರು?"

ಮಾಮ ಬಾಯಿಬಿಟ್ಟರೆ ಇಫೋಂಗ ಕೆಟ್ಟಂತೆ, ಅದಕ್ಕಿಂತ ದೊಡ್ಡ ಅವಮಾನವಿಲ್ಲ; ಮಕ್ಕಳ ಕೈಯಲ್ಲಿ ಕತ್ತಿಯಿತ್ತು. ಅತ್ತೆ ನನ್ನ ಮುಂಗೈಯನ್ನು ಉಗುರು ಇಳಿಯುವಂತೆ ಹಿಡಿದಳು.

"ಕೇಳಿಸ್ಲಿಲ್ವಾ? ಯಾರು ಅಂದೆ."

ಚಾಪೆಯೊಳಗಿಂದ, ಎಲ್ಲಿಂದಲೋ ಎಂಬಂತೆ, ಒಣಗಿದ ಸಣ್ಣ ದನಿ ಬಂತು. "ನಾನು ಕಣಪ್ಪಾ... ಅಜ್ಜಿ."

ಬಯಲಿನ ಸುತ್ತ ಬೀಸಣಿಗೆಗಳು ನಿಂತುಬಿಟ್ಟವು.

"ಅಜ್ಜಿ ಯಾಕೆ ಗುರ್ ಗುರ್ ಅಂತಾಳೆ?"

"ಪ್ರಾರ್ಥನೆ ದೊರೆ. ಬೆಳಿಗ್ಗೆಯಿಂದ ಮಾಡ್ತಿದೀನಿ. ಯಾವ ಚರ್ಚಿನೋನೂ ಕೇಳಿಸ್ಕೊಳ್ಲಿಲ್ಲ."

ಎಲ್ಲೋ ಒಬ್ಬ ಮುದುಕಿ ಕಿಸಕ್ಕೆಂದಳು. ತೂಲಿಮಾ ಮುಖ ಬಿಗಿಹಿಡಿದುಕೊಂಡೇ ಇದ್ದರು. ಮುಂದಿನದು ಹಳೇ ಆಟದಲ್ಲಿ ಇರಲಿಲ್ಲ.

"ಅಜ್ಜಿಗೆ ಎಡ ಯಾವ್ದು, ಬಲ ಯಾವ್ದು, ಗೊತ್ತಾ?"

ಎರಡು ಬೆರಳು ಚಾಪೆಯಂಚಿನಿಂದ ಹೊರಬಂದವು.

"ಗೊತ್ತಿಲ್ಲ ದೊರೆ. ಮನೆ ಮುಂದೆ ಬಂದ್ರೆ ನಂಗೆ ಏನೂ ಗೊತ್ತಾಗಲ್ಲ. ಕೈ ಹಳೇದು. ಅಲ್ಲಿಗೇ ಹೋಗತ್ತೆ."

ಅದು ಅಜ್ಜಿಯ ದನಿಯಲ್ಲಿ ಶುರುವಾಗಿ ಮಾಮನ ದನಿಯಲ್ಲಿ ಮುಗಿಯಿತು. ಮಾಮನಿಗೆ ಸ್ವಂತ ದನಿಯೊಂದಿದೆ ಎಂದು ನನಗೆ ತಿಳಿದದ್ದು ಆಗಲೇ.

"ಅವತ್ತು ಪೊರಕೆ ಹಿಡಿದಿದ್ದು ಯಾರು?" ತೂಲಿಮಾ ಕೇಳಿದರು. ಮೂಗಿನ ದನಿ ಹೋಗಿತ್ತು, ಸಾಹೇಬ ಹೋಗಿದ್ದ.

"ಅದು ದೆವ್ವ ಅಲ್ಲ, ಸೊಲೊ. ನಾನೇ. ನೀನು ನನ್ನ ಬಿಟ್ಟು ಮುಖಂಡ್ರ ಜೊತೆ ಕೂತಿದ್ಯಲ್ಲ, ಅದಕ್ಕೆ."

ಬಿರುದು ಬಿಟ್ಟು ಹೆಸರು ಹಿಡಿದಿದ್ದ! ದೊಡ್ಡ ಮಗ ಒಂದು ಹೆಜ್ಜೆ ಮುಂದೆ ಬಂದ. ತೂಲಿಮಾ ಕೈಯೆತ್ತಿ ತಡೆದರು. ಬಗ್ಗಲು ನೋಡಿದರು, ಪ್ಲಾಸ್ಟರ್ ಬಿಡಲಿಲ್ಲ. "ನಾನ್ ಎತ್ತಿ ಕೊಡ್ಲಾ ಅಪ್ಪ?" ಎಂದ ಮಗ, ದನಿ ಇಳಿಸಿ.

"ನನ್ನ ಹಂದಿ. ನಾನೇ ಎತ್ಬೇಕು."

ಮುಖಂಡನ ಕೋಲನ್ನು ಎಸೆದರು. ಮಗನ ಭುಜ ಹಿಡಿದು, ಪ್ಲಾಸ್ಟರ್ ಕಾಲನ್ನು ಮುಂದೆ ಚಾಚಿ, ನರಳುತ್ತಾ ಹುಲ್ಲಿನ ಮೇಲೆ ಕೂತೇಬಿಟ್ಟರು. ಕೂತು ಎರಡೂ ಕೈಯಿಂದ ಚಾಪೆ ಎತ್ತಿದರು. ಮಾಮನ ಬಿಳಿ ಕೂದಲು ಬೆವರಿಗೆ ಅಂಟಿಕೊಂಡಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮಾಮ ಸುಮ್ಮನೆ ಅಳುತ್ತಿದ್ದ.

"ಏನ್ ನೋಡ್ತೀಯೋ," ತೂಲಿಮಾ ಗದರಿದರು. "ಕಡೇ ಮಾತು ನಿಂದು. ಜನ ಕಾಯ್ತಿದಾರೆ."

ಮಾಮ ಬಾಯಿ ತೆರೆದ, "ಮೊಮ್ಮಗನೇ" ಹೊರಡಲಿಲ್ಲ. ಕೊರಳಿಗೆ ಜೋತುಬಿದ್ದ, ಅಷ್ಟೇ. ಆಗ ಫಂಗಲೆಲೆ ನಕ್ಕಿತು. ಸುತ್ತಲ ಎಲ್ಲ ಮನೆಗಳಿಂದ, ಕಣ್ಣೊರೆಸಿಕೊಳ್ಳುತ್ತಾ, ಬಾವಲಿ ಹಾರುವ ಹಾಗೆ. ಅಷ್ಟರಲ್ಲಿ ಸಂಜೆಯ ಪ್ರಾರ್ಥನೆಗೆ ಖಾಲಿ ಗ್ಯಾಸ್ ಸಿಲಿಂಡರಿನ ಗಂಟೆ ಬಡಿಯಿತು. ಬಡಿದ ಮೇಲೆ ಯಾರೂ ಓಡಾಡುವಂತಿಲ್ಲ, ಇದ್ದಲ್ಲೇ ಕೂರಬೇಕು. ನಾವೂ ಕೂತೆವು. ಕತ್ತಿ ಹಿಡಿದ ಮಕ್ಕಳು ಸೌದೆಯ ಪಕ್ಕ ಕೂತರು. ಮುದುಕರಿಬ್ಬರು ನಮ್ಮ ಮುತ್ತಜ್ಜಿಯ ಚಾಪೆಯನ್ನೇ ಮೊಣಕಾಲ ಮೇಲೆ ಎಳೆದುಕೊಂಡು ತಲೆ ತಗ್ಗಿಸಿದರು.

ಮನೆಮನೆಯಿಂದ ಹಾಡು ಎದ್ದು, ನಿಂತು, ಊರೆಲ್ಲ ನಿಶ್ಶಬ್ದವಾಯಿತು. ಆ ನಿಶ್ಶಬ್ದದಲ್ಲಿ ಚಾಪೆಯ ಕಡೆಯಿಂದ ಒಂದು ಚಿಕ್ಕ "ಗುರ್" ಕೇಳಿಸಿತು. ಅದು ಯಾರದೆಂದು ಇಬ್ಬರ ದನಿಯನ್ನೂ ತೆಗೆಯಬಲ್ಲ ನನಗೂ ಇಂದಿನವರೆಗೆ ತಿಳಿದಿಲ್ಲ.