ಒಂದೇ ಬೆರಳಿನ ಪರೀಕ್ಷೆ

ಗೇಟಿಗೆ ಮೋಟಾರು ಕೂರಿಸುವ ಕೆಲಸ ಹಿಡಿದು ನನಗೆ ಹದಿನೆಂಟು ವರ್ಷವಾಯಿತು. ಇಷ್ಟು ವರ್ಷದಲ್ಲಿ ಗಿರಾಕಿಗಳ ಜೊತೆ ನಾನು ಜಗಳ ಕಾದಿರುವುದೆಲ್ಲ ಒಂದೇ ವಿಷಯಕ್ಕೆ. ಪಕ್ಕಕ್ಕೆ ಸರಿಯುವ ಗೇಟು ಕೈಯಿಂದ ತಳ್ಳಿದಾಗ ಸಲೀಸಾಗಿ ಓಡಬೇಕು. ಓಡದಿದ್ದರೆ ನಾನು ಮೋಟಾರಿನ ಡಬ್ಬಿಯನ್ನೇ ಬಿಚ್ಚುವುದಿಲ್ಲ. ಒಂದೇ ಬೆರಳಿಟ್ಟು ಈ ತುದಿಯಿಂದ ಆ ತುದಿಗೆ ತಳ್ಳುತ್ತೇನೆ. ಎಲ್ಲಾದರೂ ತಡೆಯಿತೋ, "ಮೊದಲು ಗೇಟು ಸರಿ ಮಾಡಿಸಿ, ಆಮೇಲೆ ಫೋನ್ ಮಾಡಿ" ಎಂದು ಚೀಲ ಹೆಗಲಿಗೇರಿಸಿ ಹೊರಟುಬಿಡುತ್ತೇನೆ. "ಮೋಟಾರಿಗೆ ಬಲ ಇದೆಯಲ್ಲ, ಹೇಗೋ ಎಳ್ಕೊಂಡು ಹೋಗತ್ತೆ ಬಿಡಿ" ಅನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಇಷ್ಟು ಜಂಭ ಕೊಚ್ಚಿಕೊಳ್ಳುವ ನಾನು ನಮ್ಮಪ್ಪನ ಮನೆ ಗೇಟಿನ ಮುಂದೆ ಮೂರು ದಿನ ಮಣ್ಣು ಮುಕ್ಕಿದೆ. ಆ ಕಥೆಯನ್ನು ಬೇರೆಯವರ ಬಾಯಿಂದ ಕೇಳುವುದಕ್ಕಿಂತ ನಾನೇ ಹೇಳುವುದು ವಾಸಿ.

ನಾನು ಬೆಳೆದ ಆ ಮನೆಯಲ್ಲಿ ಈಗಿರುವುದು ಅಪ್ಪ ಮತ್ತು ಅಕ್ಕ. ಅಪ್ಪ ವೆಲ್ಡರ್ ಆಗಿದ್ದವನು, ಗೇಟು ಅವನದೇ ಕೈಕೆಲಸ. ಮೂವತ್ತೆಂಟು ವರ್ಷದ್ದು, ಹದಿನಾಲ್ಕು ಅಡಿ ಉದ್ದ, ಆನೆ ಗುದ್ದಿದರೂ ಆನೆಗೇ ಪೆಟ್ಟಾಗುವಂಥದ್ದು. ಅಕ್ಕ ಸ್ಕೂಲ್ ವ್ಯಾನ್ ಓಡಿಸುತ್ತಾಳೆ. ಮದುವೆಯ ಗೊಡವೆಗೆ ಹೋಗದೆ ವ್ಯಾನು ಕೊಂಡವಳು ಅವಳು. ಹದಿನಾಲ್ಕು ವರ್ಷದಿಂದ ಅದೇ ದಾರಿ, ಅದೇ ಸ್ಕೂಲು. ಮೊದಲ ವರ್ಷ ಅವಳ ವ್ಯಾನಿನಲ್ಲಿ ಅಳುತ್ತಾ ಹೋದವರಿಗೆಲ್ಲ ಈಗ ಮೀಸೆ ಬಂದಿದೆ.

ಈ ಸಲ ರಜೆಯಲ್ಲಿ ಅವಳ ಬಲಭುಜ ಕೈಕೊಟ್ಟಿತು. ಡಾಕ್ಟರು ತಿರುಗಿಸಿ ಮುರುಗಿಸಿ ನೋಡಿ, "ಸ್ಟೇರಿಂಗ್ ಹಿಡೀಬಹುದು, ಆದ್ರೆ ಆ ಗೇಟು ಇನ್ನು ಎಳೆಯೋ ಹಾಗಿಲ್ಲ" ಅಂದರು. ನಮ್ಮ ಬೀದಿ ಎಷ್ಟು ಕಿರಿದೆಂದರೆ ವ್ಯಾನು ಹೊರಗೆ ನಿಲ್ಲಿಸಿದರೆ ಇನ್ನೊಂದು ಗಾಡಿಗೆ ದಾರಿಯಿಲ್ಲ. ಅಪ್ಪ ತಾನು ಎಳೆಯುತ್ತೇನೆ ಎಂದು ತೋಳೇರಿಸಿದ. ಅವನಿಗೆ ಎಪ್ಪತ್ತನಾಲ್ಕು. "ನನ್ನ ಭುಜ ಉಳಿಸೋಕೆ ಹೋಗಿ ನಿನ್ನ ಸೊಂಟ ಮುರೀಬೇಕಾ?" ಎಂದು ಅಕ್ಕ ಗದರಿದಳು. ಸ್ಕೂಲು ಶುರುವಾಗುವುದು ಸೋಮವಾರ. ಭಾನುವಾರ ಸಂಜೆಯೊಳಗೆ ಗೇಟಿನ ವ್ಯವಸ್ಥೆ ಆಗದಿದ್ದರೆ ವ್ಯಾನನ್ನೂ ದಾರಿಯನ್ನೂ ಬದಲಿ ಡ್ರೈವರಿಗೆ ಒಪ್ಪಿಸುವುದೆಂದು ಸ್ಕೂಲಿನವರ ಜೊತೆ ಮಾತಾಗಿತ್ತು.

"ಆಗತ್ತೇನೋ ನಿನ್ನ ಕೈಲಿ?" ಎಂದು ಅಕ್ಕ ಫೋನಿನಲ್ಲಿ ಕೇಳಿದಾಗ ನನಗೆ ನಗು ಬಂತು. "ಅರ್ಧ ಊರಿನ ಗೇಟು ಓಡಿಸ್ತಿರೋನಿಗೆ ನಿಂದೊಂದು ದೊಡ್ಡದಾ ಅಕ್ಕಾ? ಒಂದು ದಿನದ ಕೆಲಸ" ಅಂದೆ.

ಮೋಟಾರು ಕೂರಿಸಲು ಕಾಂಕ್ರೀಟಿನ ಕಟ್ಟೆಯನ್ನು ಹಿಂದಿನ ವಾರವೇ ಹಾಕಿದ್ದೆ. ಗುರುವಾರ ಬೆಳಿಗ್ಗೆ ಹೋದವನೇ ಹಳಿಯ ಮೇಲಿನ ಕಸ ಗುಡಿಸಿ, ಚಕ್ರಗಳಿಗೆ ಗ್ರೀಸು ಹಚ್ಚಿ, ಬೆರಳಿಟ್ಟು ಗೇಟು ತಳ್ಳಿದೆ. ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸು. "ಹೆಂಗಿದೆ ನನ್ನ ಗೇಟು?" ಎಂದ ಅಪ್ಪ. ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಮೇಲ್ವಿಚಾರಣೆಗೆ ಕೂತಿದ್ದ. "ಎರಡು ಮಾತಿಲ್ಲ" ಅಂದೆ.

ಸಂಜೆಯೊಳಗೆ ಎಲ್ಲ ಕೂರಿಸಿದೆ. ಗೇಟಿನುದ್ದಕ್ಕೂ ಹಲ್ಲಿನ ಪಟ್ಟಿ, ಅದನ್ನು ನೂಕುವ ಮೋಟಾರಿನ ಹಲ್ಲುಚಕ್ರ, ಎರಡರ ನಡುವೆ ಕೂದಲೆಳೆಯಷ್ಟು ಸಂದು, ಯಾರಾದರೂ ಅಡ್ಡ ಬಂದರೆ ಗೇಟನ್ನು ನಿಲ್ಲಿಸುವ ಎರಡು ಕಣ್ಣುಗಳು. ರಿಮೋಟನ್ನು ಅಕ್ಕನ ಕೈಗೇ ಕೊಟ್ಟೆ. ಅವಳು ಒತ್ತಿದಳು. ಗೇಟು ಗಾಂಭೀರ್ಯದಿಂದ ಹೊರಟಿತು, ಅರ್ಧದವರೆಗೆ ಬಂತು, ಗಕ್ಕನೆ ನಿಂತಿತು, ವಾಪಸು ಹೋಯಿತು.

"ಏನೋ ಮರೆತು ಬಂದಿರಬೇಕು" ಎಂದ ಅಪ್ಪ.

ಮತ್ತೆ ಒತ್ತಿದಳು. ಮತ್ತೆ ಅದೇ ಜಾಗದಲ್ಲಿ ನಿಂತು ವಾಪಸು. ತಡೆ ಸಿಕ್ಕಿದರೆ ಮೋಟಾರು ಮಾಡುವುದೇ ಹಾಗೆ. ಬೀಗದ ಕೈ ತಿರುಗಿಸಿ ಮೋಟಾರಿನ ಹಿಡಿತ ಬಿಡಿಸಿ ಕೈಯಿಂದ ತಳ್ಳಿದೆ. ಬೆಣ್ಣೆ! ತನ್ನ ಗೇಟಿನದೇನೂ ತಪ್ಪಿಲ್ಲವೆಂದು ತೋರಿಸಲು ಅಪ್ಪ ತಾನೇ ಎದ್ದು ಬಂದು ತಳ್ಳಿದ. ಅಕ್ಕನೂ ನನ್ನ ಕಣ್ಣು ತಪ್ಪಿಸಿ ಎಡಗೈಯಿಂದ ಒಂದು ಸಲ ತಳ್ಳಿ ಬೈಸಿಕೊಂಡಳು. ಮೂವರಿಗೂ ಗೇಟು ಸಲೀಸಾಗಿ ಓಡಿತು. ಮೋಟಾರಿಗೆ ಮಾತ್ರ ಇಲ್ಲ.

ಶುಕ್ರವಾರ ಹಲ್ಲಿನ ಪಟ್ಟಿ ಬಿಚ್ಚಿ ಮತ್ತೆ ಕೂರಿಸಿದೆ, ಕಣ್ಣುಗಳನ್ನು ಬದಲಾಯಿಸಿದೆ, ಒಳಗಿನ ಬೋರ್ಡೂ ಬದಲಾಯಿಸಿದೆ. ಶನಿವಾರ ಇಡೀ ಮೋಟಾರನ್ನೇ ಕಿತ್ತು ಹೊಸದು ತಂದು ಹಾಕಿದೆ. ಹೊಸ ಮೋಟಾರು ಹಳೆಯದರ ಹತ್ತಿರ ಪಾಠ ಹೇಳಿಸಿಕೊಂಡು ಬಂದಿತ್ತೇನೋ, ಕೂದಲಷ್ಟೂ ಆಚೀಚೆಯಾಗದೆ ಅದೇ ಜಾಗದಲ್ಲಿ ನಿಂತಿತು. ನಾನು ಸ್ಕ್ರೂಡ್ರೈವರ್ ಬಿಸಾಕಿದೆ. ಅದು ಹೋಗಿ ಹೂಕುಂಡಕ್ಕೆ ಬಡಿಯಿತು.

"ಬಲ ಜಾಸ್ತಿ ಮಾಡೋ, ಹೋಗತ್ತೆ" ಎಂದ ಅಪ್ಪ.

ನಾನು ಗಿರಾಕಿಗಳ ಮೇಲೆ ಹಾಯುವ ಹಾಗೆ ಅವನ ಮೇಲೂ ಹಾಯ್ದೆ. "ನೀನೂ ಇದನ್ನೇ ಹೇಳ್ತೀಯಾ? ಕಲ್ಲು ಅಡ್ಡ ಬಂದ್ರೆ ನಿಲ್ಲದ ಗೇಟು ಮಗು ಅಡ್ಡ ಬಂದ್ರೂ ನಿಲ್ಲಲ್ಲ ಅಪ್ಪಾ!"

ಅಪ್ಪ ಕುರ್ಚಿಯನ್ನು ಹಳಿಯ ಹತ್ತಿರಕ್ಕೆ ಎಳೆದುಕೊಂಡ. ಗೇಟಿನ ಕೆಳಗಡೆ ನೋಡುತ್ತಾ ಕೂತ. ಬೇಜಾರಾಗಿರಬೇಕು ಅಂದುಕೊಂಡೆ.

ಒಂದು ವಿಷಯ ಒಪ್ಪಿಕೊಳ್ಳಬೇಕು. ಬೇರೆ ಯಾರದೇ ಮನೆಯಾಗಿದ್ದರೆ ನಾನು ಮೊದಲ ದಿನವೇ ನೆಲದ ಮೇಲೆ ಮಲಗಿ, ಹಳಿಯುದ್ದಕ್ಕೂ ದಾರ ಎಳೆದು, ನೆಟ್ಟಗಿದೆಯೇ ಎಂದು ನೋಡುತ್ತಿದ್ದೆ. ಇದು ಅಪ್ಪ ಹಾಕಿದ ಹಳಿ. ನನಗೆ ಕಬ್ಬಿಣ ಹಿಡಿಯಲು ಕಲಿಸಿದವನೇ ಅವನು. ಅವನ ಕಣ್ಣೆದುರಿಗೆ ಅವನ ಕೆಲಸಕ್ಕೆ ದಾರ ಹಿಡಿಯಲು ನನ್ನ ಕೈ ಬರಲಿಲ್ಲ.

ಭಾನುವಾರ ಬೆಳಿಗ್ಗೆ ಹೋದಾಗ ಮೇಜಿನ ಮೇಲೆ ವ್ಯಾನಿನ ಕೀಲಿ ಇತ್ತು, ಪಕ್ಕದಲ್ಲಿ ಅಕ್ಕ ಬದಲಿ ಡ್ರೈವರಿಗೆಂದು ಬರೆದಿಟ್ಟ ಹಾಳೆ. 'ಮೂರನೇ ಮನೆ: ಹಾರ್ನ್ ಬೇಡ, ಅಜ್ಜಿ ಮಲಗಿರುತ್ತಾರೆ. ಏಳನೇ ಮನೆ: ಷೂ ಲೇಸು ತಾನೇ ಕಟ್ಟಿಕೊಳ್ಳುತ್ತೇನೆ ಅನ್ನುತ್ತಾನೆ, ಆಮೇಲೆ ನೀವು ಇನ್ನೊಮ್ಮೆ ಕಟ್ಟಿ. ಹತ್ತನೇ ಮನೆ: ಕಿಟಕಿ ಪಕ್ಕ ಕೂರಿಸದಿದ್ದರೆ ವಾಂತಿ.' ಹಾಳೆಯ ಎರಡೂ ಬದಿ ತುಂಬಿತ್ತು. ನನಗೆ ಪೂರ್ತಿ ಓದಲಾಗಲಿಲ್ಲ. ಅಕ್ಕ ಅಡುಗೆಮನೆಯಲ್ಲಿ ಬೇಕೆಂದೇ ಪಾತ್ರೆ ಸದ್ದು ಮಾಡುತ್ತಿದ್ದಳು.

ಹತ್ತು ಗಂಟೆಗೆ ಬದಲಿ ಡ್ರೈವರ್ ವ್ಯಾನು ನೋಡಲು ಬಂದರು. ಗುಂಡಗೆ, ನಗುಮುಖದ, ದೊಡ್ಡ ಕೈಗಳ ಮನುಷ್ಯ. ನಾನು ಮೋಟಾರಿನ ಹಿಡಿತ ಬಿಡಿಸಿಟ್ಟಿದ್ದೆ. ಅಪ್ಪ ಕುರ್ಚಿಯಿಂದಲೇ, "ತಳ್ಕೊಂಡು ಪೂರ್ತಿ ತೆಗೀರಿ, ವ್ಯಾನು ಹೊರಗೆ ತರಬೇಕಲ್ಲ" ಎಂದ. ಅಕ್ಕನೂ ಬಾಗಿಲಿಗೆ ಬಂದಳು. ಡ್ರೈವರ್ ಗೇಟು ಹಿಡಿದು ತಳ್ಳಿದರು. ಗೇಟು ಅರ್ಧದವರೆಗೆ ಬಂದು ನಿಂತಿತು. ಇನ್ನೊಮ್ಮೆ ದಬ್ಬಿದರು. ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ.

"ಸಿಕ್ಕಾಕ್ಕೊಂಡಿದೆಯಲ್ರೀ!" ಅಂದರು.

"ಮೊಣಕಾಲು ಕೊಡಿ!" ಎಂದು ನಾವು ಮೂವರೂ ಒಟ್ಟಿಗೆ ಕೂಗಿದೆವು.

ಆ ಮನುಷ್ಯ ಕಕ್ಕಾಬಿಕ್ಕಿಯಾಗಿ ತನ್ನ ಮೊಣಕಾಲು ನೋಡಿಕೊಂಡರು. ನಾವು ಮೂವರು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ನಾನು ಎದ್ದು ಹೋಗಿ ಬೆರಳಿಟ್ಟು ಗೇಟು ತಳ್ಳಿದೆ. ಈ ಸಲ ಗೇಟು ನೋಡಲಿಲ್ಲ, ನನ್ನ ಕಾಲು ನೋಡಿಕೊಂಡೆ. ಆ ಜಾಗ ಬರುತ್ತಿದ್ದ ಹಾಗೆ ಬಲಮೊಣಕಾಲು ನನ್ನನ್ನು ಒಂದು ಮಾತೂ ಕೇಳದೆ ಮೇಲೆದ್ದು, ಅಡ್ಡಪಟ್ಟಿಗೆ ಹೊರಮುಖವಾಗಿ ಒಂದು ಗುದ್ದು ಕೊಟ್ಟು, ಏನೂ ಗೊತ್ತಿಲ್ಲದವರ ಹಾಗೆ ಕೆಳಗಿಳಿಯಿತು. ಗೇಟು ಓಡಿತು. ವಾಪಸು ತಂದು, ಮೊಣಕಾಲನ್ನು ಇನ್ನೊಂದು ಕೈಯಲ್ಲಿ ಅದುಮಿ ಹಿಡಿದು ತಳ್ಳಿದೆ. ಗೇಟು ನಿಂತಿತು.

ಹದಿನೆಂಟು ವರ್ಷ ಊರವರ ಗೇಟುಗಳನ್ನೆಲ್ಲ ಪರೀಕ್ಷೆ ಮಾಡಿದವನು ನಾನು. ಅಕ್ಕ ನಕ್ಕೂ ನಕ್ಕೂ ಮೆಟ್ಟಿಲ ಮೇಲೆ ಕೂತುಬಿಟ್ಟಳು. "ಒಂದೇ ಬೆರಳಂತೆ, ಒಂದೇ ಬೆರಳು!"

ದಾರ ಎಳೆದೆ. ಹಳಿ ಒಂದೇ ತುಂಡಲ್ಲ, ಎರಡು ತುಂಡು ಸೇರಿಸಿದ್ದು. ಬಣ್ಣದ ಅಡಿಯಲ್ಲಿದ್ದ ಬೆಸುಗೆಯ ಹತ್ತಿರ ಒಂದು ತುಂಡು ನಾಣ್ಯದ ದಪ್ಪದಷ್ಟು ಪಕ್ಕಕ್ಕೆ ಸರಿದಿತ್ತು. ಚಕ್ರ ಅಲ್ಲೇ ಕಚ್ಚಿಕೊಳ್ಳುತ್ತಿತ್ತು.

"ನಿಂಗೆ ಗೊತ್ತಿತ್ತಾ ಅಪ್ಪಾ?"

"ಮೊದಲನೇ ವಾರ ಗೊತ್ತಿತ್ತು" ಎಂದ ಅಪ್ಪ. "ಆಮೇಲೆ ಮರೆತೇಹೋಯ್ತು. ನಿನ್ನೆ ನೀನು ಮಗು ಅಂದಾಗ ಏನೋ ನೆನಪಾದ ಹಾಗಾಯ್ತು, ಪೂರ್ತಿ ಹೊಳೀಲಿಲ್ಲ." ಬೆಸುಗೆಯನ್ನೇ ನೋಡುತ್ತಾ ಮುಂದುವರಿಸಿದ. "ನಿಂಗೆ ಎರಡು ವರ್ಷ. ಚೆಂಡಿನ ಹಿಂದೆ ರಸ್ತೆಗೆ ಓಡಿದೆ. ಲಾರಿ ಬರ್ತಿತ್ತು. ಇವಳು ಹೋಗಿ ಎಳ್ಕೊಂಡು ಬಂದ್ಲು, ಒಂಬತ್ತು ವರ್ಷದೋಳು. ಅವತ್ತೇ ಅಂಗಡಿ ಮುಚ್ಚಿ ಗೇಟು ಮಾಡೋಕೆ ಕೂತೆ. ಒಂದೇ ಉದ್ದದ ಹಳಿ ಬರೋಕೆ ನಾಲ್ಕು ದಿನ ಆಗತ್ತೆ ಅಂದ್ರು. ನಾಲ್ಕು ದಿನ ನಿನ್ನ ಕಾಯೋರು ಯಾರು? ಇದ್ದ ಎರಡು ತುಂಡು ಸೇರಿಸಿದೆ. ಕೈ ನಡುಗ್ತಿತ್ತು."

ನಮ್ಮಪ್ಪನ ಕೈ ನಡುಗಿದ್ದನ್ನು ನಾನು ಯಾವತ್ತೂ ನೋಡಿಲ್ಲ. ಮೂರು ದಿನ ಆ ಗೇಟಿಗೆ ಬೈದಿದ್ದಕ್ಕೆ ನನಗೆ ನಾಚಿಕೆಯಾಯಿತು. ದಾರ ಸುತ್ತುತ್ತಾ ನಿಂತೆ.

"ಅವತ್ತು ಇವನನ್ನ ಎಳೆದಿದ್ದು ಈ ಬಲಗೈಯಲ್ಲೇ" ಎಂದಳು ಅಕ್ಕ, ಭುಜ ನೀವಿಕೊಳ್ಳುತ್ತಾ. "ಗೇಟು ಬಿಡಿ, ನನ್ನ ಭುಜ ಹಾಳು ಮಾಡಿದ್ದೇ ಇವನು!"

ಆಮೇಲೆ, ಮೇಜಿನ ಮೇಲಿನ ಹಾಳೆ ಓದಿ ಬಂದ ಬದಲಿ ಡ್ರೈವರೇ ಮೊದಲು ತೋಳು ಮಡಚಿದ್ದು. "ಈ ಹಾಳೆ ಓದಿದ್ಮೇಲೆ ನಂಗೆ ಈ ಕೆಲಸ ಬೇಡವೇ ಬೇಡ" ಎಂದು ನಗುತ್ತಾ, ಜಾಕಿ ಕೊಟ್ಟು ಗೇಟು ಎತ್ತಲು ನನ್ನ ಜೊತೆ ನಿಂತರು. ವಕ್ರವಾಗಿದ್ದ ಜಾಗದಲ್ಲಿ ಗೇಣುದ್ದ ಹಳಿ ಕತ್ತರಿಸಿ ತೆಗೆದು, ಹೊಸ ತುಂಡು ಇಟ್ಟೆವು. ಬೆಸುಗೆ ನಾನು ಹಾಕುತ್ತೇನೆ ಅಂದೆ. ಅಪ್ಪ ಕೇಳಲಿಲ್ಲ. ಹಳೆಯ ಮುಖಕವಚ ಹುಡುಕಿ ತಂದು, ಅದರೊಳಗಿನ ಜೇಡವನ್ನು ಊದಿ ಓಡಿಸಿ, ನೆಲಕ್ಕೆ ಕೂತ. ನಾನು ದಾರ ಹಿಡಿದೆ. ಅವನು, "ಸರಿಯಾಗಿ ಹಿಡಿಯೋ, ನಿನ್ನ ಕೈ ನಡುಗ್ತಿದೆ" ಅಂದ.

ಸಂಜೆ ಐದಕ್ಕೆ ಗೇಟು ಹಳಿಗಿಳಿಯಿತು. ಅಕ್ಕ ಸ್ಕೂಲಿಗೆ ಫೋನ್ ಮಾಡಿದಳು.

ಸೋಮವಾರ ಆರೂವರೆಗೆ ನಾನು ಅಲ್ಲಿದ್ದೆ. ಅಪ್ಪ ಇಸ್ತ್ರಿ ಮಾಡಿದ ಷರಟು ಹಾಕಿಕೊಂಡು ಕಂಬದ ಪಕ್ಕ ನಿಂತಿದ್ದ. ಅಕ್ಕ ವ್ಯಾನಿನಲ್ಲಿ ಕೂತು, ಆ ಹಾಳೆಯನ್ನು ನಾಲ್ಕಾಗಿ ಮಡಚಿ ಡ್ಯಾಶ್‌ಬೋರ್ಡಿನ ಡಬ್ಬಿಯೊಳಗೆ ತಳ್ಳಿ, ರಿಮೋಟ್ ಒತ್ತಿದಳು. ಗೇಟು ಹೊರಟಿತು. ನಾವು ಮೂವರೂ ಉಸಿರು ಬಿಗಿಹಿಡಿದೆವು. ಅದು ಆ ಜಾಗಕ್ಕೆ ಬಂತು.

ನನ್ನ ಬಲಮೊಣಕಾಲು ಮೇಲೆದ್ದಿತು. ಕಂಬದ ಹತ್ತಿರ ಅಪ್ಪನದೂ ಎದ್ದಿತು. ವ್ಯಾನಿನೊಳಗೆ 'ಠಪ್' ಎಂದು ಸದ್ದಾಗಿ, "ಅಯ್ಯಮ್ಮಾ!" ಎಂದು ಅಕ್ಕ ಕೂಗಿದಳು. ಅವಳ ಮೊಣಕಾಲು ಸ್ಟೇರಿಂಗಿನ ಅಡಿಗೆ ಬಡಿದಿತ್ತು.

ಗೇಟು ನಮ್ಮ ಯಾರ ಮೊಣಕಾಲಿಗೂ ಕಾಯದೆ ಕೊನೆಯವರೆಗೆ ಹೋಗಿ ನಿಂತಿತು. ಅಕ್ಕ ಒಂದು ಕೈಯಲ್ಲಿ ಕಣ್ಣು ಒರೆಸಿಕೊಳ್ಳುತ್ತಾ, ಇನ್ನೊಂದು ಕೈಯಲ್ಲಿ ಮೊಣಕಾಲು ಉಜ್ಜಿಕೊಳ್ಳುತ್ತಾ ನಕ್ಕಳು, ಆಮೇಲೆ ಗೇರು ಹಾಕಿ ಮೊದಲನೇ ಮನೆಯ ಕಡೆಗೆ ಹೊರಟಳು.