ಸ್ನಾನದ ಕುರ್ಚಿ

ಆ ಮನೆಯವರಿಗೆ ಹೊಸ ಸಾಮಾನಿನ ಪೆಟ್ಟಿಗೆ ಒಡೆಯುವುದರಲ್ಲಿ ಇದ್ದ ಹುರುಪು ಒಳಗಿನ ಸೂಚನೆಯ ಕಾಗದ ಓದುವುದರಲ್ಲಿ ಇರಲಿಲ್ಲ. ಬಾಗಿಲಿಲ್ಲದ ಕಪಾಟು ಎರಡು ವರ್ಷದಿಂದ ಬಾಯಿ ತೆರೆದುಕೊಂಡು ನಿಂತಿತ್ತು. ಅದರ ಬಾಗಿಲುಗಳು ಮಂಚದ ಕೆಳಗೆ ಹಾಯಾಗಿ ಮಲಗಿದ್ದವು. ಬಟ್ಟೆ ಒಣಹಾಕುವ ಸ್ಟ್ಯಾಂಡು ಅರ್ಧ ಬಿಚ್ಚಿಕೊಂಡಿತ್ತು, ಉಳಿದರ್ಧ ಜಪ್ಪಯ್ಯ ಅಂದರೂ ಬಿಚ್ಚಿಕೊಳ್ಳುತ್ತಿರಲಿಲ್ಲ. ಮನೆಯ ಯಜಮಾನ ದರ್ಜಿ. ಕಣ್ಣಳತೆಯಲ್ಲೇ ಕೋಟು ಕತ್ತರಿಸುವ ಆಸಾಮಿ. ಕಾಗದ ನೋಡಿಕೊಂಡು ಕೆಲಸ ಮಾಡುವುದೆಂದರೆ ಅವನಿಗೆ ಅವಮಾನ. ಹೆಂಡತಿ ಮುದ್ರಣಾಲಯದಲ್ಲಿ ಕರಡು ತಿದ್ದುವವಳು. ಪಂಪು, ಫ್ಯಾನು, ಇಸ್ತ್ರಿಪೆಟ್ಟಿಗೆಗಳ ಸೂಚನೆಗಳನ್ನೇ ದಿನವಿಡೀ ಓದಿ ಬಂದವಳಿಗೆ ಮನೆಯಲ್ಲೂ ಅದನ್ನೇ ಓದು ಅಂದರೆ ಮೈ ಉರಿಯುತ್ತಿತ್ತು.

ದರ್ಜಿಯ ತಾಯಿಗೆ ಇದೆಲ್ಲ ತಮಾಷೆಯಾಗಿಯೇ ಇತ್ತು, ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುವವರೆಗೆ. ಆಸ್ಪತ್ರೆಯಿಂದ ಬಂದು ಐದು ವಾರವಾಗಿತ್ತು. ವಾಕರ್ ಹಿಡಿದು ಓಡಾಡುತ್ತಿದ್ದರು, ಸ್ನಾನಕ್ಕೆ ಮಾತ್ರ ಸೊಸೆಯೇ ಬೇಕು. ಸೊಸೆ ಒಂದು ದಿನವೂ ಮುಖ ಸಿಂಡರಿಸಿದವಳಲ್ಲ. ಆದರೂ ಅವಳೆದುರು ಬಟ್ಟೆ ಬಿಚ್ಚಿ ಕೂರುವಾಗ ನಾಚಿಕೆಯಿಂದ ಇವರ ಜೀವ ಹಿಡಿಯಷ್ಟಾಗುತ್ತಿತ್ತು. ಸ್ನಾನದ ಕುರ್ಚಿ ತರಿಸಿದರೆ ಒಬ್ಬರೇ ಮಾಡಿಕೊಳ್ಳಬಹುದು ಎಂದು ಡಾಕ್ಟರು ಹೇಳಿದ ದಿನದಿಂದ ಅದೊಂದೇ ಜಪ.

ಕುರ್ಚಿ ಬಂತು. ಪೆಟ್ಟಿಗೆಯಲ್ಲಿ, ಬಿಡಿಬಿಡಿಯಾಗಿ.

"ಒಳಗೊಂದು ಕಾಗದ ಇದೆ ನೋಡೋ," ಅಂದರು ಮಗನಿಗೆ.

"ಅಯ್ಯೋ ಬಿಡಮ್ಮ, ನಾಲ್ಕು ಕಾಲು, ಒಂದು ಸೀಟು. ಇದೇನು ಬ್ರಹ್ಮವಿದ್ಯೆನಾ?"

ಹತ್ತೇ ನಿಮಿಷಕ್ಕೆ ಕುರ್ಚಿ ನಿಂತಿತು. ಮುಟ್ಟಿದರೆ ಎಳೆಗರುವಿನ ಹಾಗೆ ತಡವರಿಸಿತು. ನಾಲ್ಕು ಸ್ಕ್ರೂ ಉಳಿದವು. "ಎಕ್ಸ್‌ಟ್ರಾ ಕೊಟ್ಟಿರ್ತಾರೆ," ಎಂದು ಮಗ ಅವನ್ನು ಗುಂಡಿಗಳ ಡಬ್ಬಿಗೆ ಹಾಕಿದ. ಅಲುಗಾಟವನ್ನು ಭಾನುವಾರ ನೋಡೋಣ ಅಂದ. ಎರಡು ಭಾನುವಾರ ಬಂದು ಹೋದವು. ಕುರ್ಚಿಯ ಮೇಲೆ ಒಗೆದ ಬಟ್ಟೆ ಗುಡ್ಡೆ ಬೀಳತೊಡಗಿತು.

ಒಂದು ಬೆಳಿಗ್ಗೆ ಅತ್ತೆ ಆ ಕಾಗದವನ್ನು ಸೊಸೆಯ ಕೈಗಿಟ್ಟರು. "ನೀನಾದ್ರೂ ಒಂಚೂರು ಓದು ತಾಯಿ."

ಸೊಸೆ ನಿಂತಲ್ಲೇ ಮೊದಲಿಂದ ಕೊನೆಯವರೆಗೆ ಓದಿದಳು, ಕೈಯಲ್ಲಿ ಕೆಂಪು ಪೆನ್ನು ಹಿಡಿದು. ಮೂರು ಕಡೆ ಸುತ್ತು ಹಾಕಿದಳು. "ಎಂಥಾ ಪ್ರೆಸ್ಸೋ ಏನೋ, ಒಂದು ಪುಟದಲ್ಲಿ ಮೂರು ತಪ್ಪು!"

"ಅದಿರ್ಲಿ, ಕಾಲು ಹೆಂಗೆ ಜೋಡಿಸ್ಬೇಕಂತೆ?"

ಸೊಸೆ ಕಾಗದ ನೋಡಿದಳು, ಅತ್ತೆಯ ಮುಖ ನೋಡಿದಳು. "ಅದನ್ನ ಗಮನಿಸ್ಲಿಲ್ಲ ಅತ್ತೆ," ಅಂದಳು ಪೆಚ್ಚಾಗಿ. ಕೆಲಸಕ್ಕೆ ಹೊತ್ತಾಗಿತ್ತು, ಕಾಗದ ಮಂಚದ ಮೇಲಿಟ್ಟು, ಚೀಲ ಹೆಗಲಿಗೇರಿಸಿ ಹೊರಟಳು.

ಅತ್ತೆಗೆ ಸಿಟ್ಟು ನೆತ್ತಿಗೇರಿತು. ಯಾರೂ ಇಲ್ಲದ ಮನೆಯಲ್ಲಿ ಮಗನನ್ನೂ ಸೊಸೆಯನ್ನೂ ಬಾಯ್ತುಂಬ ಬೈದು, ಬಟ್ಟೆಯ ಗುಡ್ಡೆಯನ್ನು ಪಕ್ಕಕ್ಕೆ ತಳ್ಳಿ, ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ಮಂಚದ ಮೇಲೆ ಕೂತರು. ಸಾಲಿನ ಮೇಲೆ ಬೆರಳಿಟ್ಟು ಎರಡು ಸಲ ಓದಿದರು. ಒಂದು ಚುಕ್ಕೆಯ ಕಾಲು ಮುಂದಕ್ಕೆ, ಎರಡು ಚುಕ್ಕೆಯದು ಹಿಂದಕ್ಕೆ. ಬಾಗು ಹೊರಗಡೆ ಇರಬೇಕು. ಮಗರಾಯ ಎಲ್ಲವನ್ನೂ ಉಲ್ಟಾ ಸಿಕ್ಕಿಸಿದ್ದ. ಉಳಿದಿದ್ದ ಸ್ಕ್ರೂಗಳು ಸೀಟಿನ ಅಡಿಗೆ ಹೋಗಬೇಕಾದವು. ಗುಂಡಿಗಳ ಡಬ್ಬಿಯಿಂದ ಅವನ್ನು ಹೆಕ್ಕಿ, ಕಾಲುಗಳನ್ನು ಬಿಚ್ಚಿ, ತಿರುಗಿಸಿ, ಬಿಗಿ ಮಾಡುವಷ್ಟರಲ್ಲಿ ಹೆಬ್ಬೆರಳು ಕೆಂಪಗಾಯಿತು, ಮಧ್ಯಾಹ್ನ ಕಳೆದೇ ಹೋಯಿತು. ಕೊನೆಗೆ ಎರಡೂ ಕೈ ಊರಿ ಒತ್ತಿದರು. ಕುರ್ಚಿ ಮಿಸುಕಲಿಲ್ಲ.

ಮೊದಲ ಸಲ ಬಳಸುವಾಗ ಹೊರಗೆ ಯಾರಾದರೂ ಇರಬೇಕು ಎಂದು ಬರೆದಿತ್ತು. ಸರಿ, ಸೊಸೆ ಬರುವವರೆಗೆ ಕಾದರು. ಬಂದವಳು ಕುರ್ಚಿ ನೋಡಿ ದಂಗಾದಳು. ಅದನ್ನು ಬಚ್ಚಲಿಗೆ ಸಾಗಿಸಿ, ಬಕೆಟ್ಟಿಗೆ ಬಿಸಿನೀರು ತುಂಬಿದಳು. ಎಂದಿನಂತೆ ಒಳಗೇ ನಿಂತಳು.

"ಇನ್ನು ನೀನು ಹೊರಗೆ ಹೋಗಮ್ಮ."

ಸೊಸೆ ಹೊರಗೆ ಹೋಗಿ, ಮಂಚದ ಮೇಲಿದ್ದ ಕಾಗದ ಎತ್ತಿಕೊಂಡು, ಈ ಸಲ ನಿಧಾನವಾಗಿ ಓದಿದಳು.

"ಅತ್ತೆ, ಒಳಗಿಂದ ಚಿಲಕ ಹಾಕ್ಬಾರದು ಅಂತ ಇದೆ ಇದರಲ್ಲಿ!" ಎಂದು ಕೂಗಿದಳು.

"ಓದಿದೀನಮ್ಮ," ಎಂದು ಅತ್ತೆ ಚಿಲಕ ಹಾಕಿಕೊಂಡರು.